ಗುಡಾರದೊಳಗಿನ ಉಸಿರು

ಏಪ್ರಿಲ್ 3, ಗುರುವಾರ

ಇಂದೂ ಒಳಗೆ ಕೂತೆ. ಬನಿಯನ್ ಹಿಂಡಿದರೆ ಅರ್ಧ ಚೊಂಬು ನೀರು.

ಅಣ್ಣನ ಮಗಳು ಪುಟ್ಟಿ ಸ್ಟೋರ್ ರೂಮಿನಲ್ಲಿ ನಿಲ್ಲಿಸಿರುವ ಗುಡಾರ. ಒಳಗೆಲ್ಲ ಬೆಳ್ಳಿ ಹಾಳೆ, ಮೇಲೆ ಕಣ್ಣು ಕುಕ್ಕುವ ಲೈಟು, ಕೆಳಗೆ ತಟ್ಟೆ ತಟ್ಟೆಯಾಗಿ ಲೆಟ್ಯೂಸ್ ಸೊಪ್ಪು. ಹದಿನಾಲ್ಕನೇ ತಾರೀಕಿಗೆ ದೊಡ್ಡ ಹೋಟೆಲಿನ ಅಡುಗೆ ಮುಖ್ಯಸ್ಥ ನೋಡಲು ಬರುತ್ತಾನೆ. ಒಪ್ಪಿದರೆ ವಾರವಾರವೂ ಇವಳದೇ ಎಲೆ. ಆಸ್ಪತ್ರೆ ಲಾಂಡ್ರಿಯ ರಾತ್ರಿ ಪಾಳಿ ಬಿಡಬಹುದು. ಹುಡುಗಿ ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ.

ಫ್ಯಾನ್ ಹಾಕಿದರೆ ಸೆಕೆ ಹೋಗುತ್ತದೆ, ಜೊತೆಗೆ ಇಂಗಾಲಾಮ್ಲವೂ ಹೋಗುತ್ತದೆ. ನಿಲ್ಲಿಸಿದರೆ ಅದು ಉಳಿಯುತ್ತದೆ, ಎಲೆ ಬೇಯುತ್ತದೆ. ಆ ಅನಿಲದ ಸಿಲಿಂಡರ್ ತರುವ ಮಾತೆತ್ತಿದಳು. ನಾನಿಲ್ಲವೇ ಅಂದೆ. ನಾವು ಬಿಡುವ ಉಸಿರೇ ಗಿಡದ ಊಟ ಎಂದು ನಮ್ಮೂರ ಶಾಲೆಯಲ್ಲಿ ಐದನೇ ಕ್ಲಾಸಿಗೇ ಕಲಿಸಿದ್ದರು. ನಾನು ಮಾತಾಡುವ ಸಿಲಿಂಡರ್.

"ಅರ್ಧ ಗಂಟೆ ಅಷ್ಟೇ ಚಿಕ್ಕಪ್ಪ. ಆಮೇಲೆ ಫ್ಯಾನ್ ಹಾಕ್ಬೇಕು. ಗಾಳಿ ಅಳೆಯೋ ಮೀಟರ್ ಸಾವಿರ ದಾಟಿದ್ರೆ ಏನೂ ಲಾಭ ಇಲ್ಲ."

ಒಬ್ಬನೇ ಕೂತು ಒಂಬೈನೂರಕ್ಕೆ ಏರಿಸಿದೆ. ಇಡೀ ಓಣಿಯಲ್ಲಿ ಇಂಥ ಉಸಿರಿನ ಗಂಡಸು ಇನ್ನೊಬ್ಬನಿದ್ದರೆ ತೋರಿಸಲಿ.

ಏಪ್ರಿಲ್ 6, ಭಾನುವಾರ

ಎಲೆ ಅಂಗೈ ಅಗಲ. ಪುಟ್ಟಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. ಅತ್ತಿಗೆಗೆ ಹೊಟ್ಟೆಯುರಿ.

"ಉಸಿರಾಡಿದ್ದಕ್ಕೂ ಈ ಮನೇಲಿ ಹೊಗಳ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನೀವೂ ಬನ್ನಿ ಅತ್ತಿಗೆ. ನೀವು ಬೈತಾ ಕೂತ್ರೆ ಎರಡೇ ದಿನಕ್ಕೆ ಮರ ಆಗ್ತವೆ."

ಸೌಟು ಹಿಡಿದು ಬಂದರು. ಗುಡಾರದ ಜಿಪ್ ಎಳೆದುಕೊಂಡೆ.

ಹೊರಗೆ ಬಂದಾಗ ತಲೆ ತಿರುಗಿತು. ಗೋಡೆ ಹಿಡಿದು ನಿಂತೆ. ಯಾರೂ ನೋಡಲಿಲ್ಲ, ಪುಣ್ಯ.

ಏಪ್ರಿಲ್ 10, ಗುರುವಾರ

ಜ್ವರ. ಕಾಲು ಹತ್ತಿಯಂತಾಗಿದೆ. ಪುಟ್ಟಿಗೆ ಎರಡು ದಿನ ಜೋಡಿ ಪಾಳಿ — ಜೊತೆಯವಳು ರಜೆಯಂತೆ.

"ನಿನ್ನ ಕೈಲಿ ಆಗ್ದಿದ್ರೆ ಬಿಡು ಚಿಕ್ಕಪ್ಪ. ಫ್ಯಾನ್ ಓಡ್ತಾ ಇದ್ರೆ ಸಾಕು."

ಆಗ್ದಿದ್ರೆ ಅಂತೆ. ನನ್ನ ಕೈಲಿ.

ಏಪ್ರಿಲ್ 11, ಶುಕ್ರವಾರ

ಓಣಿಯ ದರ್ಜಿ, ಗಡಿಯಾರ ರಿಪೇರಿಯವನು, ರಿಟೈರಾದ ಪೋಸ್ಟ್‌ಮ್ಯಾನ್ — ಮೂವರನ್ನೂ ಕರೆಸಿದೆ. ಹೇಗೂ ದಿನಾ ಇಸ್ಪೀಟು ಆಡುವವರು. ಒಳಗೇ ಕೂತು ಆಡಲಿ. ನಾಲ್ಕು ಮೂಗು, ನಾಲ್ಕು ಪಟ್ಟು ಬೆಳೆ. ಫ್ಯಾನ್ ಆರಿಸಿದೆ.

"ಏನಯ್ಯಾ, ನಮ್ಮನ್ನ ಬೇಯ್ಸೋಕೆ ಕರೆದ್ಯಾ?" ಅಂದ ದರ್ಜಿ.

"ಬಾಯ್ಮುಚ್ಚಿ ಉಸಿರು ಬಿಡು. ಬೇಡ, ಮಾತೇ ಆಡು. ಅದೂ ಉಸಿರೇ."

ಸೋತಾಗಲೆಲ್ಲ ಅವನು ಬಿಡುವ ನಿಟ್ಟುಸಿರು ಒಂದು ತಟ್ಟೆಗೆ ಸಾಕು. ಆಟ ಏರಿತು. ಮೀಟರ್ ಯಾರಿಗೆ ನೆನಪು... ಗಡಿಯಾರದವನು ಕೂತಲ್ಲೇ ಗೊರಕೆ ಹೊಡೆದಾಗ ತಲೆಯೆತ್ತಿದೆ. ಎರಡು ಸಾವಿರದ ಎಂಟುನೂರು. ಸೆಕೆ ಮೂವತ್ತೆಂಟು ಡಿಗ್ರಿ. ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಬಿದ್ದೆವು. ಫ್ಯಾನ್ ಹಾಕಿದೆ. ಸಂಜೆಗೆ ಎಲೆಗಳು ತಲೆಯೆತ್ತಿದವು. ಬಚಾವು ಅಂದುಕೊಂಡೆ.

ಏಪ್ರಿಲ್ 13, ಭಾನುವಾರ

ಎಲೆಗಳ ಅಂಚೆಲ್ಲ ಸುಟ್ಟ ಕಾಗದದ ಬಣ್ಣ. ನಡುವಿನ ಎಳೆ ಎಲೆಗೂ ಹಿಡಿದಿದೆ.

ಪುಟ್ಟಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಮಗುಚಿ ನೋಡಿದಳು. ಆಮೇಲೆ ತಟ್ಟೆಯ ಸಂದಿಯಿಂದ ಇಸ್ಪೀಟಿನ ರಾಣಿಯೊಂದನ್ನು ಎಳೆದಳು.

"ಇದನ್ನೂ ನಾನೇ ಬಿತ್ತಿದ್ನಾ ಚಿಕ್ಕಪ್ಪ?"

ಎಲ್ಲ ಹೇಳಿದೆ. ನಾಲ್ಕು ಪಟ್ಟಿನ ಲೆಕ್ಕವನ್ನೂ.

"ಮೈಗೆ ಹುಷಾರಿಲ್ಲ, ನನ್ನ ಕೈಲಿ ಆಗಲ್ಲ ಅನ್ನೋದಕ್ಕೆ ಏನಾಗಿತ್ತು ನಿಂಗೆ?"

ಬೈದಿದ್ದರೆ ಚೆನ್ನಾಗಿತ್ತು. ಕತ್ತರಿ ತಂದು ಅಂಚು ಕತ್ತರಿಸುತ್ತ ಕೂತಳು. ಅರ್ಧಕ್ಕರ್ಧ ತಟ್ಟೆಗಳ ಎಲೆ ಕಸದ ಬುಟ್ಟಿಗೆ ಹೋದವು.

ಏಪ್ರಿಲ್ 14, ಸೋಮವಾರ

ಹೋಟೆಲಿನವನು ಬಂದ. ಅಡುಗೆಯವನಾದರೂ ಕಡ್ಡಿಯಂಥ ಆಳು. ಒಂದೆಲೆ ಮುರಿದು ಅಗಿದ.

"ರುಚಿ ಚೆನ್ನಾಗಿದೆ. ಯಾಕೆ ಅಂಚೆಲ್ಲ ಕತ್ತರಿಸಿದೀರಿ?"

ಬಾಯಿ ತೆರೆದೆ. ಪುಟ್ಟಿ ಮುಂದಾದಳು.

"ಸೆಕೆಗೆ ಸುಟ್ಟಿತ್ತು ಸರ್. ಒಂದು ದಿನ ಫ್ಯಾನ್ ನಿಂತಿತ್ತು."

ನನ್ನ ಹೆಸರು ಎತ್ತಲಿಲ್ಲ.

"ಇನ್ನೊಂದು ಬೆಳೆ ತೆಗೀರಿ. ಅದನ್ನ ನೋಡಿ ಹೇಳ್ತೀನಿ."

ಅಂದರೆ ಇನ್ನೂ ಒಂದೂವರೆ ತಿಂಗಳು ಲಾಂಡ್ರಿ. ಅವನನ್ನು ಬಾಗಿಲ ತನಕ ಬಿಟ್ಟು ಬಂದಳು, ಬೀಜದ ಪೊಟ್ಟಣ ಒಡೆದು ತಟ್ಟೆ ತುಂಬಿದಳು. ಸಂಜೆ ಚಪ್ಪಲಿ ಮೆಟ್ಟಿ ಪಾಳಿಗೆ ಹೋದಳು.

ಏಪ್ರಿಲ್ 21, ಸೋಮವಾರ. ಬೆಳಗಿನ ಆರೂವರೆ

ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ. ಹೊಸ ಮೊಳಕೆ ಉಗುರಿನಷ್ಟಾಗಿವೆ. ನನಗೆ ಗುಡಾರದೊಳಗೆ ಪ್ರವೇಶವಿಲ್ಲ. ಫ್ಯಾನ್ ಆರಿಸುವಂತಿಲ್ಲ. ಪುಟ್ಟಿ ನಿನ್ನೆ ಒಪ್ಪಿಸಿದ ಕೆಲಸ ಇಷ್ಟೇ:

"ಹೊರಗಿನ ಗಾಳಿ ಬಂದು ಹೋಗ್ತಿದ್ರೆ ಸಾಕು, ನಿಧಾನಕ್ಕೆ ಬೆಳೀಲಿ. ತಂಪಿರುವಾಗ ರೂಮಿನ ಕಿಟಕಿ ತೆಗಿ, ಬಿಸಿಲು ತಾಗೋ ಮುಂಚೆ ಮುಚ್ಚು. ಅಷ್ಟು ಮಾಡ್ತೀಯಾ?"

ಕಿಟಕಿ ಮುಚ್ಚಲು ನನ್ನಂಥವನು ಬೇಕೇ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಕಿಟಕಿ ತೆಗೆದು ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಗಾಳಿ ತಣ್ಣಗಿದೆ. ರೆಪ್ಪೆ ಭಾರ. ಈಗಷ್ಟೇ ಪುಟ್ಟಿ ಬಂದಳು. ಮೈಯೆಲ್ಲ ಸೋಪಿನ ವಾಸನೆ.

"ಎದ್ದಿದೀಯಾ? ನೀನು ಹೋಗಿ ಮಲಗು, ಕಿಟಕಿ ನಾನು ನೋಡ್ಕೋತೀನಿ."

"ನೀನು ಮಲಗೇ. ನಾನಿದೀನಿ."

ಗುಡಾರದ ಮುಂದಿನ ಚಾಪೆಯಲ್ಲಿ ಉರುಳಿಕೊಂಡಳು, ಚಪ್ಪಲಿಯನ್ನೂ ಬಿಚ್ಚದೆ. ಆಗಲೇ ನಿದ್ದೆ.

ಬಿಸಿಲು ಎದುರು ಮನೆಯ ಟ್ಯಾಂಕಿನ ತನಕ ಬಂದಿದೆ. ಇನ್ನೂ ಹೊತ್ತಿದೆ. ಮುಚ್ಚುವ ತನಕ ಕಣ್ಣು ಮುಚ್ಚಬಾರದು. ಕೂತರೆ ತೂಕಡಿಕೆ, ಎದ್ದು ನಿಂತೇ ಬರೆ...