ಅಬ್ಬಾನ ಟಾಂಗಾಗಳು ಸಾಲು ನಿಂತ ದಿನ

ಬೆಳಗಾವಿ
ತಾ. ೧೪ ಡಿಸೆಂಬರ ೧೯೨೬

ಪ್ರೀತಿಯ ಕಲಂದರ ಭಾಯಿಗೆ ನಿನ್ನ ತಂಗಿ ಮಾಸೂಮಾ ಮಾಡುವ ಸಲಾಮ್.

ನೀ ಹ್ಯಾಂಗ ಅದೀ? ಮುಂಬಯಿಯ ನೀರಿಗೆ ಕೆಮ್ಮು ಹತ್ತಿತ್ತು ಅಂತ ಬರದಿದ್ದೀ, ಈಗ ಆರಾಮ ಆಗಿರಬೇಕು. ಬಂದರದ ಕೆಲಸ ಮುಗಿಸಿ ಬಂದು ಹಸಿದ ಹೊಟ್ಟೀಲೆ ಮಲಗಬ್ಯಾಡ ಅಂತ ಅಮ್ಮೀ ಹೇಳ್ಯಾಳ. ಅಮ್ಮೀ ಗಟ್ಟಿ ಅದಾಳ, ನಗಾಕ ಹತ್ಯಾಳ. ಅದು ಹ್ಯಾಂಗ ಆತು ಅಂತ ಹೇಳಾಕನ ಈ ಕಾಗದ.

ಅಬ್ಬಾ ತೀರಿಕೊಂಡು ವರ್ಷ ಆತು. ನಲವತ್ತು ವರ್ಷ ಟಾಂಗಾಕ್ಕ, ಪೆಟ್ಟಿಗಿಗೆ ಬಣ್ಣ ಹಚ್ಚಿದಾವರು ಮನ್ಯಾಗ ಒಂದ ಚಿತ್ರ ಇಡಲಿಲ್ಲ ಅಂತ ಅಮ್ಮೀ ಕೊರಗತಿದ್ದದ್ದು ನಿನಗ ಗೊತ್ತ ಐತಿ. ಹೋದ ತಿಂಗಳು ಟಾಂಗಾ ಹೊಡಿಯೋ ರಾಯಪ್ಪ ಕಾಕಾ ಬಾಗಿಲಿಗೆ ಬಂದು ನಿಂತ. ಅವನ ಟಾಂಗಾದ ಹಿಂದಿನ ಹಲಗಿ ಮ್ಯಾಲೆ ಅಬ್ಬಾ ಬರೆದ ಹುಲಿ ಐತಲ್ಲ, ಅದನ್ನ ಕೆರೆದು ಸಾಬೂನಿನ ಜಾಹೀರಾತಿನ ತಗಡು ಬಡಿ ಅಂತ ಮಾಲಕ ಹೇಳಿದ್ದನಂತ. ಅಬ್ಬಾ ಬಣ್ಣ ಹಚ್ಚಿದ ಉಳಿದ ಟಾಂಗಾಗಳಿಗೂ ಅದ ಗತಿ ಬರೂದಿತ್ತು. ನಮಗೊಂದು ಮಾತು ತಿಳಿಸದ ಕೆರಿಯಾಕ ಕಾಕಾಗ ಮನಸು ಆಗಿರಲಿಲ್ಲ. ನಾ ಅಂದೆ, ಕೆರಿಯೋದು ಖರೇ ಆದ್ರ, ಅದಕ್ಕ ಮೊದಲ ಎಲ್ಲಾ ಟಾಂಗಾ ಒಂದ ಕಡೆ ನಿಲ್ಲಲಿ, ಊರ ಮಂದಿ ಒಮ್ಮಿ ನೋಡಲಿ. ರಾಯಪ್ಪ ಕಾಕಾ ಎಲ್ಲಾರನ್ನೂ ಒಪ್ಪಿಸಿದ. ಐತವಾರ ಮಧ್ಯಾಹ್ನ ಕೋಟೆ ಕೆರಿ ಬಾಜೂಕ ಹದಿನಾಲ್ಕು ಟಾಂಗಾ ರಸ್ತಾಕ್ಕ ಬೆನ್ನು ಮಾಡಿ ಸಾಲು ನಿಂತವು. ಹುಲಿ, ಹಂಸ, ಹೊಗಿ ಬಿಡೋ ರೈಲು, ಎಲ್ಲಾ ಒರಸಿ ಎಣ್ಣಿ ಹಚ್ಚಿ ತಂದಿದ್ರು. ಇನ್ನೊಬ್ಬ ಟಾಂಗಾದವ ಭರಮಪ್ಪನ ಕುದರಿಗಷ್ಟ ಮಂದಿ ಕಡೆ ಬೆನ್ನು ಮಾಡೂದು ಸೇರಲಿಲ್ಲ. ತಿರುತಿರುಗಿ ತನ್ನ ಮಾರೀನ ತೋರಸತಿತ್ತು, ಅವನ ಟಾಂಗಾದ ಹಿಂದಿನ ನವಿಲು ನೋಡಾಕ ಮಂದೀನ ಸುತ್ತು ಹೊಡೀಬೇಕಾತು. ಮಾಲಕನೂ ಬಂದಿದ್ದ. ಹುಲಿ ಮುಂದಿನ ಗದ್ದಲ ನೋಡಿ ತಗಡಿನ ಮಾತು ಬಿಟ್ಟ. ಬ್ಯಾರೆ ಎರಡು ಟಾಂಗಾಕ್ಕ ಅವುಗಳ ಮಾಲಕರು ತಗಡು ಬಡದ ಬಿಟ್ರು, ಇರಲಿ.

ಆ ಮಂದ್ಯಾಗ ಖಾನಾಪುರದ ಶಾಂತಾಬಾಯಿ ಇದ್ರು, ಅರಿವಿ-ಬಟ್ಟಿ ವ್ಯಾಪಾರದ ಜೈನರ ಮನಿಯ ಹಿರಿಯಾಕಿ. ಅಬ್ಬಾ ಬಣ್ಣ ಹಚ್ಚಿದ ಮದುವಿ ಪೆಟ್ಟಿಗಿ ತಮ್ಮೂರಾಗ ಮನಿಮನ್ಯಾಗ ಅದಾವ, ಅವೂ ನಾಕು ಮಂದಿ ಕಣ್ಣಿಗೆ ಬೀಳಲಿ ಅಂದ್ರು. ಮುಂದಿನ ಐತವಾರ ಅವರ ಪಡಸಾಲ್ಯಾಗ ಇಪ್ಪತ್ತಾರು ಪೆಟ್ಟಿಗಿ ಹೊಂದಿಸಿದ್ರು, ಹೆಣಮಕ್ಕಳಿಗಷ್ಟ ಅಂತ. ಹಂಗಾಗಿ ಅಮ್ಮೀನೂ ನನ್ನ ಜೋಡಿ ರೈಲಿಗೆ ಬಂದ್ಲು. ಮರಾಠ್ಯಾಗ ಒಬ್ಬಾಕಿ, ಕನ್ನಡದಾಗ ಒಬ್ಬಾಕಿ, ಎಲ್ಲಾರೂ ತಮ್ಮ ತಮ್ಮ ಪೆಟ್ಟಿಗಿ ಕಥಿ ಹೇಳಾವರ. ಶಾಂತಾಬಾಯಿಯವರ ಪೆಟ್ಟಿಗಿ ಮ್ಯಾಲೆ ಎರಡು ಗಿಳಿ, ಒಂದು ಹಿಂದಕ್ಕ ಹೊಳ್ಳಿ ನೋಡತೈತಿ. ಮದುವ್ಯಾಗ ಅವರು ಹನ್ನೊಂದು ವರ್ಷದಾಕಿ, ಜಾಂಬೋಟಿಯ ತವರು ಬಿಟ್ಟು ಹೋಗೂದಿಲ್ಲ ಅಂತ ಅಳತಿದ್ರಂತ. ಅಂಗಳದಾಗ ಬಣ್ಣ ಹಚ್ಚತಿದ್ದ ಅಬ್ಬಾ, ಆಗಿನ್ನೂ ಮೀಸಿ ಚಿಗುರೂ ಹುಡುಗ, ಒಂದು ಗಿಳಿಯ ಕುತ್ತಿಗಿ ತವರಿನ ಕಡೆ ತಿರುಗಿಸಿ ಬರೆದನಂತ. ಅಮ್ಮೀ ಪ್ರತಿ ಪೆಟ್ಟಿಗಿ ಮುಟ್ಟಿ ಮುಟ್ಟಿ ನೋಡಿದ್ಲು. ಕಡೀಕ ಶಾಂತಾಬಾಯಿಯವರ ಕೈ ಹಿಡಿದು, “ಮನ್ಯಾಗ ಇವರು ದಿನಕ್ಕ ನಾಕು ಮಾತು ಆಡತಿರಲಿಲ್ರೀ. ಮಾತೆಲ್ಲಾ ನಿಮ್ಮೂರಾಗ ಇಟ್ಟಿದ್ರು ನೋಡ್ರಿ” ಅಂದು ನಕ್ಕಳು. ಹೊಳ್ಳಿ ಬರೂ ಮುಂದ ರೈಲಿನ್ಯಾಗ ಗುರ್ತಿಲ್ಲದ ಹೆಣಮಕ್ಕಳಿಗೆಲ್ಲಾ, ನಮ್ಮ ಮನಿಯವರು ಚಿತ್ರಗಾರರು ಅಂತ ಹೇಳಕೋತ ಬಂದ್ಲು, ಭಾಯಿ.

ಅಮ್ಮೀ ನಿನಗ ದುವಾ ಹೇಳ್ಯಾಳ, ರಾಯಪ್ಪ ಕಾಕಾ ನೆನಿಸ್ಯಾನ. ತಬ್ಬೇತಿ ಸಂಭಾಳಿಸಿಕೋ.

ನಿನ್ನ ತಂಗಿ
ಮಾಸೂಮಾ

ತಾ.ಕ.: ಟಪಾಲು ಹೋಗೂ ವ್ಯಾಳ್ಯಾ ಆತು. ಬರೂ ಮುಂದ ಮುಂಬಯಿಂದ ಚಲೋ ಹಸರು ಬಣ್ಣ, ಕೆಂಪು ಬಣ್ಣ ಒಂದೊಂದು ಡಬ್ಬಿ ತಾ. ಯಾರಿಗೆ ಅಂತೀ, ನನಗ. ಖಾನಾಪುರದಿಂದ ಒಂದು ಹೊಸಾ ಮದುವಿ ಪೆಟ್ಟಿಗಿ ನಮ್ಮ ಅಂಗಳಕ್ಕ ಬಂದೈತಿ, ಬರೀತೇನಿ ಅಂತ ನಾನ ಒಪ್ಪಿಕೊಂಡೇನಿ. ಅಬ್ಬಾನ ಕುಂಚ ಅಮ್ಮೀನ ತೊಳೆದು ಕೈಯಾಗ ಕೊಟ್ಟಳು. ಮೊದಲನೇ ನವಿಲು ಕೋಳಿ ಹಂಗ ಕಂಡಿತ್ತು, ಅಳಿಸಿದೆ. ಎರಡನೇದು ನವಿಲ ಐತಿ.