ಬೋನಿನಲ್ಲಿರುವ ಅಣ್ಣ

ದೊಡ್ಡಪ್ಪನವರಿಗೆ,

ಅಣ್ಣನನ್ನು ನಾಯಿ ಹಿಡಿಯುವವರ ಕೈಗೆ ಬಿಟ್ಟು ನಾವೆಲ್ಲ ಓಡಿಬಂದದ್ದು ತಪ್ಪು. ಬಲೆ ಬಿದ್ದಾಗ ಎಲ್ಲರೂ ನಾಯಿರೂಪದಲ್ಲೇ ಇದ್ದೆವು. ಮಕ್ಕಳು ತಪ್ಪಿಸಿಕೊಳ್ಳಲೆಂದು ಅವನೊಬ್ಬನೇ ಅಡ್ಡ ನಿಂತ. ಮನೆ ಸೇರಿದ ನಾವು ಎಲ್ಲ ಸೇರಿ ಒಬ್ಬರನ್ನೊಬ್ಬರು ಕರೆದು ಮನುಷ್ಯರಾದೆವು; ಅವನು ನಾಯಿಯಾಗೇ ಉಳಿದ.

ನಿನ್ನೆ ಬೋನಿನ ಮುಂದೆ ಕೂತು ಕರೆದೆ. ಕಿವಿ ನಿಮಿರಿತು, ಅಷ್ಟೇ. ಕುಲದವರೆಲ್ಲ ಸೇರಿ ಕರೆಯದೆ ಯಾರೂ ಮತ್ತೆ ಮನುಷ್ಯರಾಗುವುದಿಲ್ಲವೆಂದು ನಮಗೆ ಕಲಿಸಿದವರು ನೀವೇ. ಕಾವಲುಗಾರ ನಕ್ಕ: "ನಾಯಿಗೆ ಅಣ್ಣಾ ಅಂತೀಯಲ್ಲಮ್ಮ! ಶುಕ್ರವಾರ ಸಂಜೆ ಇದಕ್ಕೆ ಸಾಯಿಸೋ ಸೂಜಿ ಹಾಕ್ತಾರೆ."

ನಿಮಗೆ ಹೇಳಿದರೆ, "ಒಬ್ಬನಿಗೋಸ್ಕರ ಎಲ್ಲರ ಗುಟ್ಟು ಬಯಲಾಗ್ಬೇಕಾ? ಕಾರ್ಮಿಕ ಸಂಘದ ಕರಪತ್ರ ಓದಿ ತಲೆ ಕೆಟ್ಟಿದೆ ನಿಂಗೆ" ಎಂದಿರಿ. ಓದಿದ್ದೇನೆ, ನಿಜ. ಒಬ್ಬನನ್ನು ಕೊಟ್ಟು ಉಳಿಸಿಕೊಂಡದ್ದು ಒಗ್ಗಟ್ಟಲ್ಲ, ಬರೀ ಹೆದರಿಕೆ.

ನೀವು ಬರುತ್ತೀರೆಂಬ ನಂಬಿಕೆ ನನಗೂ ಉಳಿದಿಲ್ಲ. ಆದರೂ ಅತ್ತಿಗೆ ಅವನ ಅಂಗಿ, ಪ್ಯಾಂಟು ಇಸ್ತ್ರಿ ಮಾಡಿ ಚೀಲದಲ್ಲಿಟ್ಟಿದ್ದಾರೆ. ನಾಯಿಯಾಗುವ ಮುಂಚೆ ಅವನು ಬಿಟ್ಟ ಚಪ್ಪಲಿ ನಿಮ್ಮ ಬಾಗಿಲಲ್ಲೇ ಇದೆ, ತನ್ನಿ. ಯಾರೂ ಬರದಿದ್ದರೆ ಅವನ ಕಣ್ಣು ಮುಚ್ಚುವವರೆಗೆ ನಾನೊಬ್ಬಳೇ ಕರೆಯುತ್ತಿರುತ್ತೇನೆ. ಅದರಿಂದ ಏನೂ ಆಗದೆಂದು ಗೊತ್ತಿದ್ದೂ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಾಯಿದೊಡ್ಡಿಯ ಹಿಂಬಾಗಿಲಲ್ಲಿ ನಿಂತಿರುತ್ತೇನೆ.

ನಿಮ್ಮ ತಮ್ಮನ ಮಗಳು