ಆರರ ಗಂಟೆಯ ಗುಳಿಗೆ

ಬೋಹೋಲ್ ದ್ವೀಪ, ಮಂಗಳವಾರ

ಪ್ರೀತಿಯ ಕಪಿತಾನ್ ಕ್ರಿಸಾಂತೊ,

ನೀನೀಗ ಊರಿನ ಮುಖ್ಯಸ್ಥ. ಆದರೂ ನಿನ್ನಮ್ಮನ ಹೆರಿಗೆ ಮಾಡಿಸಿ ನಿನ್ನನ್ನು ಎತ್ತಿಕೊಂಡ ಸೂಲಗಿತ್ತಿ ನಾನು; ಏಕವಚನದಲ್ಲೇ ಬರೆಯುತ್ತೇನೆ, ಬೇಸರಿಸಬೇಡ.

ಗಂಡನ ಸಹಿ ಇಲ್ಲದೆ ಯಾವ ಹೆಂಗಸಿಗೂ ಗರ್ಭನಿರೋಧಕ ಗುಳಿಗೆ ಕೊಡಬಾರದೆಂಬ ನಿನ್ನ ಕಾನೂನು ಶುಕ್ರವಾರ ಸಭೆಗೆ ಬರುತ್ತದಂತೆ. ಇಲ್ಲಿನ ಅರ್ಧ ಗಂಡಂದಿರು ವರ್ಷಕ್ಕೆ ಹತ್ತು ತಿಂಗಳು ಹಡಗಿನಲ್ಲಿರುತ್ತಾರೆ. ರಜೆಗೆ ಬಂದವರು ಮೊದಲು ಪೆನ್ನು ಹುಡುಕುತ್ತಾರೆಯೇ, ನೀನೇ ಹೇಳು.

ಭಾನುವಾರ ಚರ್ಚಿನ ಅಂಗಳದಲ್ಲಿ ನೀನು, "ನಮ್ಮಮ್ಮ ಇಂಥದ್ದನ್ನೆಲ್ಲ ಮುಟ್ಟಿದೋಳೇ ಅಲ್ಲ. ಸಂಜೆ ಆರರ ಗಂಟೆ ಹೊಡೀತಿದ್ದ ಹಾಗೇ ಕಣ್ಮುಚ್ಚಿ ಪ್ರಾರ್ಥನೆ ಮಾಡೋಳು" ಎಂದೆ. ನಿನ್ನಮ್ಮ ಅನುನ್ಸಿಯಾ ನನ್ನ ಪಕ್ಕದಲ್ಲೇ ಇದ್ದಳು. ಮನೆಗೆ ಬರುವ ದಾರಿಯಲ್ಲಿ, "ಪೆರ್ಪೆತುವಾ, ಇನ್ನು ಮುಚ್ಚಿಡೋದು ಬೇಡ ಕಣೆ, ಅವನಿಗೆ ಬರ್ದುಬಿಡು" ಎಂದಳು.

ನೀನು ಅವಳ ಎಂಟನೆಯ ಮಗು. ನಿನ್ನ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ಒಂಬತ್ತನೆಯದಾದರೆ ಅವಳು ಉಳಿಯುವುದಿಲ್ಲವೆಂದು ನಾನೇ ಈ ಗುಳಿಗೆ ಕೊಟ್ಟೆ. ಮರೆಯದಿರಲೆಂದು ಅವಳು ದಿನಾ ಆ ಆರರ ಗಂಟೆಗೇ ನುಂಗುತ್ತಿದ್ದಳು. "ಅಮ್ಮ, ಬಾಯಲ್ಲೇನು?" ಎಂದು ನೀನು ಕೇಳಿದರೆ, "ಕೆಮ್ಮಿನ ಗುಳಿಗೆ ಕಣೋ" ಎನ್ನುತ್ತಿದ್ದಳು. ಪ್ರಾರ್ಥನೆಯೂ ಸುಳ್ಳಲ್ಲ, ಮಗು. ನೀನು ದೊಡ್ಡವನಾಗುವವರೆಗೆ ತನ್ನನ್ನು ಬದುಕಿಸು ಎಂದು ದೇವರನ್ನು ಕೇಳುತ್ತಿದ್ದಳು.

ಶುಕ್ರವಾರ ಮುಂದಿನ ಸಾಲಿನಲ್ಲಿ ನಮಗೆ ಎರಡು ಕುರ್ಚಿ ಹಾಕಿಸು. ಬೆನ್ನಿಗೆ ಒರಗು ಇರಲಿ. ಎಂದಿನಂತೆ ಬಂದು ಆಶೀರ್ವಾದಕ್ಕೆ ನಮ್ಮ ಕೈ ಹಣೆಗೊತ್ತಿಕೋ. ಅವಳ ಕೈ ನಿನ್ನ ಹಣೆಯ ಮೇಲಿರುವಾಗಲೇ, ಮತ ಹಾಕುವಾಗ ನಿನ್ನ ಕೈಯನ್ನು ಯಾವ ಕಡೆಗೆ ಎತ್ತಬೇಕೆಂದು ಯೋಚಿಸು.

ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದವಳು,
ಪೆರ್ಪೆತುವಾ